ಟೊಮೆಟೊ ಬೀಜ: ಟಿವೈ ತರೋದಾ, ಟಿಎಂವಿ ತರೋದಾ?

ರಾಣೆಬೆನ್ನೂರಿನ ಬೀಜದಂಗಡಿಯಲ್ಲಿ ಎರಡು ಪಾಕೀಟು ಹಿಡಿದು ನಿಂತಿದ್ದೀರಾ? ಒಂದರ ಮೇಲೆ ಟಿವೈ, ಅಂದ್ರೆ ಎಲೆ ಮುಟುರು ವೈರಸ್ ತಡೆಯೋದು; ಇನ್ನೊಂದರ ಮೇಲೆ ಟಿಎಂವಿ, ಅಂದ್ರೆ ತಂಬಾಕು ಮೊಸಾಯಿಕ್ ವೈರಸ್ ತಡೆಯೋದು. ಎರಡೂ ವೈರಸ್ ತಡೆಯುವ ತಳಿಗಳೇ. ಆದರೆ ಗಿಡದೊಳಗಿನ ಜಗಳದ ರೀತಿ ಬೇರೆ.

ಟಿಎಂವಿ ತಳಿಯ ಜೀನ್ ವಾಡೆಯ ಬಾಗಿಲ ಕಾವಲುಗಾರ ಇದ್ದಂಗೆ. ಪಕ್ಕದ ಕೋಶಕ್ಕೆ ದಾಟಲು ಆ ಮೊಸಾಯಿಕ್ ವೈರಸ್ ಒಂದು ಪ್ರೋಟೀನ್ ಬಳಸುತ್ತದೆ. ಕಾವಲುಗಾರ ಅದನ್ನೇ ಗುರುತು ಹಿಡಿದು ವೈರಸ್ಸನ್ನು ಅಲ್ಲೇ ಕಟ್ಟಿಹಾಕುತ್ತಾನೆ.

ಟಿವೈ-1 ಕೆಲಸ ಇನ್ನೂ ಮಜವಾಗಿದೆ. ಚಿಲಿ ಕಡೆಯ ಕಾಡು ಟೊಮೆಟೊದಿಂದ ಬಂದ ಜೀನ್ ಇದು. ಕೋಶವು ವೈರಸ್ಸಿನ ಆರ್‌ಎನ್‌ಎಯನ್ನು 21ರಿಂದ 24 ಅಕ್ಷರಗಳ ಚೂರು ಮಾಡುತ್ತದೆ. ಆ ಚೂರುಗಳ ಗುರುತು ಹಿಡಿದು ವೈರಸ್ಸಿನ ಡಿಎನ್‌ಎ ಮೇಲೆ ಮೀಥೈಲ್ ಎಂಬ ರಾಸಾಯನಿಕ ಮುದ್ರೆ ಒತ್ತಿ ಬಾಯಿ ಮುಚ್ಚಿಸುತ್ತದೆ. ಟಿವೈ-1 ಇದನ್ನೇ ಜೋರು ಮಾಡುತ್ತದೆ. ವೈರಸ್ ಪೂರ್ತಿ ಹೋಗೋದಿಲ್ಲ, ಸುಮ್ನೆ ಮೂಲೆಯಲ್ಲಿ ಕೂರುತ್ತದೆ. ಸೌತೆ ಮೊಸಾಯಿಕ್ ಎಂಬ ಇನ್ನೊಂದು ವೈರಸ್ ಜೊತೆಗೂಡಿದರೆ ಈ ಬಿಗಿ ಸಡಿಲ.

ಬೇಸಿಗೆ ನಾಟಿಯಾದರೆ ನಾನು ಟಿವೈ ಎನ್ನುತ್ತೇನೆ. ಆಗ ಬಿಳಿನೊಣ ಜಾಸ್ತಿ, ಎಲೆ ಮುಟುರು ತರೋದು ಅದೇ ಅಲ್ವಾ? ಟಿಎಂವಿ ಹರಡೋದು ಕೈ, ಕುಡುಗೋಲಿನಿಂದ. ಎರಡೂ ಇರುವ ಪಾಕೀಟು ಸಿಕ್ಕರೆ ಕಣ್ಣು ಮುಚ್ಚಿ ತನ್ನಿ.