ತಾಂತ್ರಿಕ ದತ್ತಾಂಶಕ್ಕೆ ಬೆಲೆ ಕಟ್ಟಿಕೊಡುವ ಒಂದು ಸೇವೆ: ಬಳಸಿದವರ ವಿಮರ್ಶೆ

ಅಮೆರಿಕದ ರಕ್ಷಣಾ ಇಲಾಖೆಗೆ ಬಿಡಿಭಾಗ ಪೂರೈಸುವ ನಮ್ಮ ಸಣ್ಣ ಕಂಪನಿಗೆ, ಒಂದು ಹೈಡ್ರಾಲಿಕ್ ವಾಲ್ವಿನ ಡ್ರಾಯಿಂಗುಗಳ ಮೇಲೆ ತಮಗೆ ಹೆಚ್ಚಿನ ಹಕ್ಕು ಬೇಕಾಗಿದೆ, ದರ ತಿಳಿಸಿ ಎಂದು ಇಲಾಖೆಯ ಕಾಂಟ್ರ್ಯಾಕ್ಟ್ ಅಧಿಕಾರಿಯಿಂದ ಪತ್ರ ಬಂದಾಗ, ಅದಕ್ಕೆ ಬೆಲೆ ಕಟ್ಟುವ ಬಗೆ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಆಗ ನಾವು ಗೊತ್ತುಮಾಡಿಕೊಂಡ ಮೌಲ್ಯಮಾಪನ ಸಂಸ್ಥೆಯ ಹೆಸರನ್ನು ಬಿಟ್ಟು, ಅವರ ಕೆಲಸದ ಗುಣದೋಷಗಳನ್ನಷ್ಟೇ ಬರೆಯುತ್ತೇನೆ.

ಅವರು ಮೊದಲು ಕೇಳಿದ್ದು ಅಭಿವೃದ್ಧಿಯ ಖರ್ಚನ್ನು ಯಾವ ಖಾತೆಗೆ ಬರೆದಿದ್ದೀರಿ ಎಂದು. ರಕ್ಷಣಾ ಖರೀದಿ ನಿಯಮಾವಳಿಯಾದ ಡಿಫಾರ್ಸ್ ಪ್ರಕಾರ, ಪೂರ್ತಿ ಸ್ವಂತ ಖರ್ಚಿನಲ್ಲಿ ರೂಪಿಸಿದ್ದರ ಮೇಲೆ ಸರ್ಕಾರಕ್ಕೆ ಸಾಮಾನ್ಯವಾಗಿ ಸಿಗುವುದು ಸೀಮಿತ ಹಕ್ಕು, ಅಂದರೆ ತನ್ನೊಳಗೆ ಬಳಸಬಹುದೇ ಹೊರತು ಬೇರೆ ತಯಾರಕರಿಗೆ ಸಾಮಾನ್ಯವಾಗಿ ಕೊಡುವಂತಿಲ್ಲ. ಖರ್ಚು ಹಂಚಿಕೊಂಡಿದ್ದರೆ ಸರ್ಕಾರಿ ಉದ್ದೇಶದ ಹಕ್ಕು, ಅಂದರೆ ಸರ್ಕಾರದ ಕೆಲಸಕ್ಕಾಗಿ ಬೇರೆಯವರಿಗೂ ಕೊಡುವ ಹಕ್ಕು; ಅದೂ ಸಾಮಾನ್ಯವಾಗಿ 5 ವರ್ಷಗಳ ಬಳಿಕ, ಯಾವ ಕೆಲಸಕ್ಕೂ ಯಾರಿಗೂ ಕೊಡಬಹುದಾದ ಅನಿರ್ಬಂಧಿತ ಹಕ್ಕಾಗಿಬಿಡುತ್ತದೆ. ಯಾವುದೇ ಒಂದು ಕಾಂಟ್ರ್ಯಾಕ್ಟಿಗೆ ನೇರವಾಗಿ ಸೇರದ ಪರೋಕ್ಷ ವೆಚ್ಚದ ಖಾತೆಗೆ ಹಾಕಿದ ಸಂಶೋಧನಾ ಖರ್ಚೂ ಸ್ವಂತ ಖರ್ಚೆಂದೇ ಎಣಿಕೆಯಾಗುತ್ತದೆ ಎಂಬುದು ನಮ್ಮ ಲೆಕ್ಕಿಗರಿಗೇ ಹೊಳೆದಿರಲಿಲ್ಲ. ವಾಲ್ವಿನ ಸೀಲಿನ ವಿನ್ಯಾಸವನ್ನು ಉಳಿದದ್ದರಿಂದ ಬೇರ್ಪಡಿಸಿ, ಅದು ಸೀಮಿತ ಹಕ್ಕಿನಡಿಯೇ ಬರುತ್ತದೆಂದು ದಾಖಲೆ ಸಮೇತ ತೋರಿಸಿಕೊಟ್ಟ ಆ ಒಂದು ಪುಟಕ್ಕೇ ನಾವು ತೆತ್ತ ಶುಲ್ಕ ಸಾರ್ಥಕವಾಯಿತು.

ಡ್ರಾಯಿಂಗುಗಳನ್ನು ಹಾಳೆ ಹಾಳೆಯಾಗಿ ನೋಡಿದ್ದೂ ಮೆಚ್ಚತಕ್ಕದ್ದೇ. ಎರಡನೆಯ ಹಾಳೆಯಲ್ಲಿ ಬಳಕೆಗೆ ಮಿತಿಯಿದೆ ಎಂದು ಸಾರುವ ನಿರ್ಬಂಧದ ಒಕ್ಕಣೆಯೇ ಇರಲಿಲ್ಲ. ಹಾಗೆ ಒಪ್ಪಿಸಿದ್ದನ್ನು ಅನಿರ್ಬಂಧಿತ ಹಕ್ಕಿನೊಡನೆ ಕೊಟ್ಟದ್ದೆಂದು ಭಾವಿಸಲಾಗುತ್ತದೆ. ಒಕ್ಕಣೆ ಸೇರಿಸಲು ಅನುಮತಿ ಕೋರುವ ಅವಧಿ 6 ತಿಂಗಳು, ನಮಗೆ ಆಗಲೇ ಐದನೆಯ ತಿಂಗಳು ನಡೆಯುತ್ತಿತ್ತು.

ಬೆಲೆಯ ಅಧ್ಯಾಯದಲ್ಲಿ ಮಾತ್ರ ವರದಿ ಸೊರಗಿದೆ. ಇಂಥ ಲೈಸೆನ್ಸುಗಳ ದರ ಹೊರಗೆ ತಿಳಿಯುವುದು ಅಪರೂಪವಾದ್ದರಿಂದ ಮಾರುಕಟ್ಟೆ ಹೋಲಿಕೆಯ ವಿಧಾನವನ್ನು ಕೈಬಿಟ್ಟದ್ದು ಸರಿಯೇ. ಆದರೆ ಆದಾಯ ವಿಧಾನದಲ್ಲಿ, ಡ್ರಾಯಿಂಗು ಬೇರೆ ತಯಾರಕರ ಕೈಸೇರಿದರೆ ನಮಗೆ ತಪ್ಪಿಹೋಗುವ ಲಾಭವನ್ನು ಇಡೀ ವಾಲ್ವಿಗೆ 20 ವರ್ಷಗಳವರೆಗೆ ಎಣಿಸಿದ್ದಾರೆ. ಖರ್ಚು ಹಂಚಿಕೊಂಡು ರೂಪಿಸಿದ ಹೊರಕವಚವನ್ನು ತನ್ನ ಉದ್ದೇಶಕ್ಕೆ ಬೇರೆಯವರಿಂದ ಮಾಡಿಸಿಕೊಳ್ಳುವ ಹಕ್ಕು ಸರ್ಕಾರಕ್ಕೆ ಈಗಾಗಲೇ ಇರುವಾಗ, ಆ ಭಾಗದಲ್ಲಿ ಮಾರಲು ನಮ್ಮ ಬಳಿ ಉಳಿದದ್ದೇನು? ಬಿಡಿಭಾಗಗಳ ತಯಾರಿಕೆಯ ವಿವರಗಳಿಲ್ಲದ ನಿರ್ವಹಣಾ ಕೈಪಿಡಿಯ ಮೇಲೆ, ಖರ್ಚು ಯಾರದೇ ಆಗಿರಲಿ, ಸರ್ಕಾರಕ್ಕೆ ಅನಿರ್ಬಂಧಿತ ಹಕ್ಕಿರುತ್ತದೆ. ಅದಕ್ಕೂ ಒಂದು ಬೆಲೆ ನಮೂದಾಗಿತ್ತು. ಎತ್ತಿ ತೋರಿಸಿದ ಮೇಲೆ ಹೆಚ್ಚುವರಿ ಶುಲ್ಕ ಕೇಳದೆ ತಿದ್ದಿಕೊಟ್ಟರು, ಆದರೆ ತಿದ್ದಿದ ಪ್ರತಿ ನಮ್ಮ ಕೈಸೇರಿದ್ದು ಇಲಾಖೆಯೊಡನೆ ಮೊದಲ ಮಾತುಕತೆ ಮುಗಿದ ಮರುದಿನ.