ಎರಡು ಗಂಟೆಯ ನಡಿಗೆ, ಮುಕ್ಕಾಲು ಗಂಟೆಯ ಮಂಜು

ಲಂಡನ್ನಿನ ಚಾರ್ಲ್ಟನ್ ಅಥ್ಲೆಟಿಕ್ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಆಗಿದ್ದ ಸ್ಯಾಮ್ ಬಾರ್ಟ್ರಮ್ ಅವರ ಬದುಕನ್ನು ಹೇಳುವ ಕಾಲ್ನಡಿಗೆ ಪ್ರವಾಸವೊಂದಕ್ಕೆ ಕಳೆದ ತಿಂಗಳು ಹೋಗಿದ್ದೆ. ಆಗ್ನೇಯ ಲಂಡನ್ನಿನ ಬೀದಿಗಳನ್ನು ಸುತ್ತಿ, 2005ರಲ್ಲಿ ಆ ತಂಡದ ವ್ಯಾಲಿ ಕ್ರೀಡಾಂಗಣದ ಹೊರಗೆ ನಿಲ್ಲಿಸಿದ ಒಂಬತ್ತು ಅಡಿ ಎತ್ತರದ ಅವರ ಕಂಚಿನ ಪ್ರತಿಮೆಯ ಬುಡದಲ್ಲಿ ಮುಗಿಯುವ ಈ ನಡಿಗೆಗೆ ಎರಡು ಗಂಟೆ ಹಿಡಿಯುತ್ತದೆ.

ಮೊದಲ ಮುಕ್ಕಾಲು ಗಂಟೆ ಮಂಜಿಗೇ ಮೀಸಲು. 1937ರ ಕ್ರಿಸ್‌ಮಸ್ ದಿನ ಚೆಲ್ಸಿ ತಂಡದ ಮೈದಾನದಲ್ಲಿ ಆಟ 1–1ರಲ್ಲಿದ್ದಾಗ ಕವಿದ ಮಂಜಿನಿಂದಾಗಿ ರೆಫರಿ ಪಂದ್ಯವನ್ನು ನಿಲ್ಲಿಸಿದ್ದು, ಅದು ತಿಳಿಯದ ಬಾರ್ಟ್ರಮ್ ತಮ್ಮವರು ಎದುರಾಳಿಯ ಗೋಲಿನ ಬಳಿಯೇ ಆಡುತ್ತಿರಬೇಕೆಂದುಕೊಂಡು ಒಬ್ಬರೇ ಕಾವಲು ನಿಂತದ್ದು, ಕೊನೆಗೆ ಪೊಲೀಸನೊಬ್ಬ ಬಂದು ವಿಷಯ ತಿಳಿಸಿದ್ದು ನಿಜಕ್ಕೂ ಸೊಗಸಾದ ಪ್ರಸಂಗ. ನಮ್ಮ ಮಾರ್ಗದರ್ಶಿ ಅದನ್ನು ಅಭಿನಯಿಸಿಯೂ ತೋರಿಸಿದರು, ಎರಡು ಸಲ. ಆದರೆ ಇಪ್ಪತ್ತೆರಡು ವರ್ಷ ಒಂದೇ ತಂಡಕ್ಕೆ ಆಡಿ 623 ಪಂದ್ಯ ಮುಗಿಸಿದ ಮನುಷ್ಯನನ್ನು ಆ ಒಂದು ಮಧ್ಯಾಹ್ನಕ್ಕೆ ಕಟ್ಟಿಹಾಕುವುದು ನ್ಯಾಯವಲ್ಲ.

ಅದಕ್ಕೆ ತೆತ್ತ ಬೆಲೆ ಮುಂದೆ ಕಾಣಿಸಿತು. 1914ರಲ್ಲಿ ಇಂಗ್ಲೆಂಡಿನ ಈಶಾನ್ಯದ ಗಣಿ ಸೀಮೆಯಲ್ಲಿ ಹುಟ್ಟಿ, ಸ್ವತಃ ಗಣಿಯಲ್ಲಿ ದುಡಿದ ಬಾರ್ಟ್ರಮ್ ಮೊದಲಿಗೆ ಗೋಲ್‌ಕೀಪರ್ ಆಗಿರಲೇ ಇಲ್ಲ. ಹಳ್ಳಿ ತಂಡದ ಕೀಪರ್ ಇಲ್ಲದ ದಿನ ಗೋಲಿನಲ್ಲಿ ನಿಂತಾಗ, ಚಾರ್ಲ್ಟನ್ ಮ್ಯಾನೇಜರ್ ಜಿಮ್ಮಿ ಸೀಡ್ ಅವರ ಸಹೋದರ ಆ ಪಂದ್ಯ ನೋಡುತ್ತಿದ್ದರು. 1934ರಲ್ಲಿ ಬಾರ್ಟ್ರಮ್ ಸೇರಿದಾಗ ಮೂರನೇ ದರ್ಜೆಯಲ್ಲಿದ್ದ ತಂಡ 1937ರ ಹೊತ್ತಿಗೆ ಮೊದಲ ದರ್ಜೆಯಲ್ಲಿ ಎರಡನೇ ಸ್ಥಾನಕ್ಕೆ ಏರಿತ್ತು. ನನ್ನ ಮಟ್ಟಿಗೆ ಮಂಜಿಗಿಂತ ದೊಡ್ಡ ಕತೆ ಇದು. ಮಾರ್ಗದರ್ಶಿ ಇದನ್ನು ರಸ್ತೆ ದಾಟುತ್ತಾ ಹೇಳಿ ಮುಗಿಸಿದರು.

ಹಾಗಿದ್ದರೂ ಹಣ ದಂಡವಾಯಿತೆಂದು ಹೇಳಲಾರೆ, ಅದಕ್ಕೆ ಕಾರಣ ಒಂದು ಚೆಂಡು. ಆ ಕಾಲದ ಮಾದರಿಯಲ್ಲಿ ಹೊಲಿದು, ಬಾಯಿಗೆ ಚರ್ಮದ ದಾರ ಬಿಗಿದ ಚೆಂಡನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿಟ್ಟಿದ್ದ ಮಾರ್ಗದರ್ಶಿ, ಹತ್ತು ಹೆಜ್ಜೆ ದೂರದಿಂದ ಅದನ್ನು ನಮ್ಮ ಕಡೆಗೆ ಎಸೆದರು. ನಾನು ಎದೆಗೊತ್ತಿ ಹಿಡಿದೆನಾದರೂ ಅಂಗಿ ತೊಯ್ದು, ದಾರದ ಗಂಟು ತಾಗಿದ ಹೆಬ್ಬೆರಳಿನ ಸಂದು ಸಂಜೆಯವರೆಗೂ ಚುರುಗುಟ್ಟುತ್ತಿತ್ತು. ಮುನ್ನುಗ್ಗುವ ಆಟಗಾರ ಭುಜದಿಂದ ಗೋಲ್‌ಕೀಪರನನ್ನು ಗುದ್ದುವುದಕ್ಕೆ ನಿಯಮವೇ ಅವಕಾಶ ಕೊಟ್ಟಿದ್ದ ದಿನಗಳಲ್ಲಿ ಇಂಥ ಚೆಂಡನ್ನು ಬಾರ್ಟ್ರಮ್ ನಲವತ್ತು ದಾಟಿದ ಮೇಲೂ ಹಿಡಿಯುತ್ತಿದ್ದರೆಂಬುದು ಆಗಷ್ಟೇ ಅರಿವಿಗೆ ಬಂತು. ಇಂಗ್ಲೆಂಡಿನ ತಂಡಗಳ ನಾಕೌಟ್ ಪಂದ್ಯಾವಳಿಯಾದ ಎಫ್.ಎ. ಕಪ್‌ನ 1946ರ ಫೈನಲ್ಲಿನಲ್ಲಿ ಚೆಂಡು ಒಡೆದುಹೋಗಿ, ಡರ್ಬಿ ಕೌಂಟಿಯೆದುರು ಚಾರ್ಲ್ಟನ್ 4–1ರಿಂದ ಸೋತದ್ದನ್ನೂ, ಮರುವರ್ಷದ ಫೈನಲ್ಲಿನಲ್ಲಿ ಮತ್ತೆ ಚೆಂಡು ಒಡೆದರೂ ಬರ್ನ್ಲಿಯನ್ನು 1–0ರಿಂದ ಮಣಿಸಿ ಕಪ್ ಗೆದ್ದದ್ದನ್ನೂ ಮಾರ್ಗದರ್ಶಿ ಇಲ್ಲೇ, ಒದ್ದೆ ಚೆಂಡನ್ನು ಕೈಯಲ್ಲಿ ಹಿಡಿದೇ ವಿವರಿಸಿದರು. ಇಡೀ ನಡಿಗೆಯಲ್ಲಿ ಅತ್ಯುತ್ತಮವಾದ ಹತ್ತು ನಿಮಿಷ ಇದು.

ಇಷ್ಟೆಲ್ಲ ಆಡಿಯೂ ಇಂಗ್ಲೆಂಡಿನ ಪರ ಬಾರ್ಟ್ರಮ್ ಅವರಿಗೆ ಅಧಿಕೃತ ಪಂದ್ಯವೊಂದೂ ಸಿಗಲಿಲ್ಲವೇಕೆ ಎಂದು ಕೇಳಿದೆ. ಯುದ್ಧಕಾಲದ, ಲೆಕ್ಕಕ್ಕೆ ಸೇರದ ಪಂದ್ಯಗಳಲ್ಲಿ ಆಡಿದ್ದರೆಂದು ಹೇಳಿ ಮಾರ್ಗದರ್ಶಿ ಗಡಿಯಾರ ನೋಡಿಕೊಂಡರು. ಯುದ್ಧ ಮುಗಿದಾಗ ಫ್ರಾಂಕ್ ಸ್ವಿಫ್ಟ್, ಅವರ ಬೆನ್ನಿಗೇ ಬರ್ಟ್ ವಿಲಿಯಮ್ಸ್ ಇಂಗ್ಲೆಂಡಿನ ಗೋಲ್‌ಕೀಪರ್ ಜಾಗದಲ್ಲಿದ್ದರೆಂಬ ಒಂದು ಮಾತನ್ನಾದರೂ ಅವರು ಸೇರಿಸಬಹುದಿತ್ತು. 1956ರಲ್ಲಿ ಬಾರ್ಟ್ರಮ್ ಆಟ ಬಿಟ್ಟು ಯಾರ್ಕ್ ಸಿಟಿ ತಂಡದ ಮ್ಯಾನೇಜರ್ ಆದದ್ದಕ್ಕೂ, ಬಳಿಕ ಪತ್ರಕರ್ತರಾಗಿ ದುಡಿದದ್ದಕ್ಕೂ ಸಿಕ್ಕಿದ್ದು ಒಂದೊಂದೇ ವಾಕ್ಯ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಅದರಲ್ಲಿ ಎರಡು ಆ ಚೆಂಡಿನದು. ಹೋಗುವವರು ಒಂದು ಟವೆಲ್ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.