ತಾಯಿ ಕಾರ್ಡ್: ಲಸಿಕೆಯ ಪುಟ ದಾಟಿ ಓದಿದರೆ

ಗರ್ಭಿಣಿಯೆಂದು ಹೆಸರು ಬರೆಸಿದಾಗ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವ ತಾಯಿ ಕಾರ್ಡನ್ನು ನಮ್ಮ ಕಡೆ ಎಲ್ಲರೂ ಜೋಪಾನವಾಗಿಯೇ ಇಡುತ್ತಾರೆ. ಹೆರಿಗೆಗೆ ಸೇರಿಸುವಾಗ ಅದನ್ನು ಕೇಳುತ್ತಾರೆ, ಮಾತೃವಂದನಾ ಯೋಜನೆಯ ಹಣಕ್ಕೂ ಅದು ಬೇಕು, ಚುಚ್ಚುಮದ್ದಿನ ದಿನಾಂಕಗಳೂ ಅದರಲ್ಲೇ ಇರುತ್ತವೆ. ಅಷ್ಟರ ಆಚೆಗೆ ಅದರ ಪುಟ ತಿರುವಿದವರು ಕಡಿಮೆ. ಮಗು ಹುಟ್ಟಿದಂದಿನಿಂದ ಮೂರು ವರ್ಷ ತುಂಬುವವರೆಗೆ ಅದರ ಬೆಳವಣಿಗೆಯನ್ನು ಮನೆಯವರೇ ಗಮನಿಸುವುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಸರಳವಾದ, ನೆಚ್ಚಬಹುದಾದ ಸಾಧನ ನನಗಂತೂ ಸಿಕ್ಕಿಲ್ಲ. ಮೈಸೂರಿನ ಖಾಸಗಿ ಆಸ್ಪತ್ರೆಗಳು ಕೊಡುವ ಬಣ್ಣದ ಫೈಲುಗಳನ್ನೂ, ಫೋನಿನಲ್ಲಿ ಇಳಿಸಿಕೊಳ್ಳುವ ಆ್ಯಪುಗಳನ್ನೂ ನೋಡಿದ ಮೇಲೆಯೇ ಈ ಮಾತು ಹೇಳುತ್ತಿದ್ದೇನೆ.

ನನ್ನ ಬಾಣಂತನ ನಡೆದದ್ದು ತಿ. ನರಸೀಪುರ ತಾಲ್ಲೂಕಿನ ತವರಿನಲ್ಲಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಈ ತಾಲ್ಲೂಕಿಗೇ, 100 ಅಂಗನವಾಡಿಗಳೊಂದಿಗೆ. ಹಾಗಾಗಿ ಮಕ್ಕಳನ್ನು ತೂಗುವುದೆಂದರೆ ಅಲ್ಲಿನ ಹೆಂಗಸರಿಗೆ ಹೊಸದೇನಲ್ಲ. ದೃಷ್ಟಿಯಾಗುತ್ತದೆಂದು ಗೊಣಗುವ ಅಜ್ಜಿಯರು ಕೂಡ ಮುಳ್ಳು ಎಲ್ಲಿ ನಿಂತಿತೆಂದು ಬಗ್ಗಿ ನೋಡುತ್ತಾರೆ. ತೊಲೆಗೆ ತೂಗುಹಾಕಿದ ತಕ್ಕಡಿಯ ಕೊಕ್ಕೆಗೆ ಬಟ್ಟೆಯ ಚೀಲ ಸಿಕ್ಕಿಸಿ, ಸ್ವೆಟರು, ಟೋಪಿ ಎಲ್ಲವನ್ನೂ ಬಿಚ್ಚಿದ ಮಗುವನ್ನು ಅದರಲ್ಲಿ ಇಳಿಬಿಟ್ಟಾಗ ಅದು ಕೈಕಾಲು ಬಡಿಯುತ್ತದೆ, ಮುಳ್ಳು ಅತ್ತಿತ್ತ ಹೊಯ್ದಾಡುತ್ತದೆ. ನಮ್ಮ ಅಂಗನವಾಡಿ ಟೀಚರ್ ಮುಳ್ಳು ನಿಲ್ಲುವವರೆಗೆ ಕಾದು, ಆಮೇಲೆ ಕಾರ್ಡಿನ ಬೆಳವಣಿಗೆ ನಕ್ಷೆಯನ್ನು ಬಿಡಿಸಿ, ಕೆಳಗಿನ ತಿಂಗಳಿನ ಗೆರೆಯ ಮೇಲೊಂದು ಬೆರಳು, ಪಕ್ಕದ ಕಿಲೋ ಗೆರೆಯ ಮೇಲೊಂದು ಬೆರಳಿಟ್ಟು, ಎರಡೂ ಕೂಡುವ ಕಡೆ ಚುಕ್ಕೆ ಇಡುತ್ತಿದ್ದರು. ಹಿಂದಿನ ತಿಂಗಳ ಚುಕ್ಕೆಗೆ ಗೆರೆ ಎಳೆಯುವ ಕೆಲಸವನ್ನು ನನಗೇ ಬಿಡುತ್ತಿದ್ದರು.

ಈ ಕಾರ್ಡಿನ ನಿಜವಾದ ಬೆಲೆ ಇರುವುದು ಆ ಗೆರೆಯಲ್ಲಿ. ಹೆಣ್ಣು ಮಗುವಿಗೊಂದು, ಗಂಡು ಮಗುವಿಗೊಂದು ನಕ್ಷೆ ಇದ್ದು, ತೂಕ ಹಸಿರು ಪಟ್ಟಿಯಲ್ಲಿದ್ದರೆ ಸರಿ, ಹಳದಿಗೆ ಇಳಿದರೆ ಕಡಿಮೆ, ಕಿತ್ತಳೆಗೆ ಇಳಿದರೆ ತೀರಾ ಕಡಿಮೆ ಎಂದರ್ಥ. ಒಂದು ವರ್ಷದ ಹೆಣ್ಣು ಮಗುವಿನ ನಡುಮಟ್ಟದ ತೂಕ 8.9 ಕಿಲೋ, ಗಂಡು ಮಗುವಿನದು 9.6 ಕಿಲೋ, ಹೆಣ್ಣು ಮಗು 7 ಕಿಲೋಗಿಂತ, ಗಂಡು ಮಗು 7.7 ಕಿಲೋಗಿಂತ ಕಡಿಮೆಯಿದ್ದರೆ ಹಳದಿ. ಇದು ಯಾವುದೋ ಪರದೇಶದ ಮಕ್ಕಳ ಲೆಕ್ಕ, ನಮ್ಮ ರಾಗಿ ಉಣ್ಣುವ ಮಕ್ಕಳಿಗೆ ಹೇಗೆ ಹೊಂದೀತು ಎಂದು ನಮ್ಮ ಮನೆಯಲ್ಲೇ ಕೇಳಿದವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಈ ಮಾನದಂಡಕ್ಕೆ ಆರು ದೇಶಗಳ ಮಕ್ಕಳನ್ನು ಅಳೆಯಲಾಗಿತ್ತು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕದ ಜೊತೆಗೆ ದೆಹಲಿಯ ಮಕ್ಕಳೂ ಅದರಲ್ಲಿದ್ದರು. ಆದರೂ ಒಂದು ತಿಂಗಳ ಚುಕ್ಕೆಯನ್ನಷ್ಟೇ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಹುಟ್ಟಾ ಸಣ್ಣಗಿದ್ದು ತನ್ನದೇ ಗತಿಯಲ್ಲಿ ಮೇಲೇರುತ್ತಿರುವ ಮಗುವಿಗಿಂತ, ಹಸಿರಿನಲ್ಲೇ ಇದ್ದರೂ ಎರಡು ಮೂರು ತಿಂಗಳಿಂದ ಗೆರೆ ಮಟ್ಟಸವಾಗಿಬಿಟ್ಟಿರುವ ಮಗುವಿನ ಬಗ್ಗೆ ಬೇಗ ವಿಚಾರಿಸಬೇಕು. ಹುಟ್ಟಿದ ಮೊದಲ ವಾರದಲ್ಲಿ ಮಗು ತನ್ನ ತೂಕದ ಹತ್ತನೇ ಒಂದರಷ್ಟನ್ನು ಕಳೆದುಕೊಳ್ಳುವುದೂ ಉಂಟು, ಅದು ಸಹಜ. ಸಾಮಾನ್ಯವಾಗಿ ಎರಡು ವಾರದೊಳಗೆ ಅದು ಮರಳಿ ಬರುತ್ತದೆ. ಬಾಣಂತಿಗೆ ಹಾಲು ಸಾಲದೆಂಬ ತೀರ್ಪು ಬಹಳ ಮನೆಗಳಲ್ಲಿ ಹೊರಬೀಳುವುದು ಸರಿಯಾಗಿ ಇದೇ ವಾರದಲ್ಲಿ.

ತೂಕದ ಪುಟದ ಮಟ್ಟಿಗೆ ಪೂರ್ತಿ ಅಂಕ ಕೊಡಬಹುದು. ವಯಸ್ಸಿಗೆ ತಕ್ಕಂತೆ ಮಗು ಏನೇನು ಮಾಡುತ್ತದೆ ಎಂಬ ಚಿತ್ರಗಳಿರುವ ಪುಟಗಳ ವಿಷಯದಲ್ಲಿ ಮಾತ್ರ ನನ್ನದೊಂದು ತಕರಾರಿದೆ. ಇವು ಸೊಗಸಾಗಿಯೇ ಇವೆ, ಓದು ಬಾರದವರಿಗೂ ಅರ್ಥವಾಗುತ್ತವೆ. ಆದರೆ ಇಂಥ ತಿಂಗಳಿಗೆ ಇಂಥದು ಎಂದು ಕಂಡೊಡನೆ ನಾವು ಅದನ್ನು ಪರೀಕ್ಷೆಯ ಅಂಕಪಟ್ಟಿಯಂತೆ ಓದತೊಡಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಅಧ್ಯಯನದಲ್ಲಿ ಆರೋಗ್ಯವಂತ ಮಕ್ಕಳು ಆಸರೆಯಿಲ್ಲದೆ ಕೂತದ್ದು 3.8ರಿಂದ 9.2 ತಿಂಗಳೊಳಗೆ, ತಾವಾಗಿ ನಡೆದದ್ದು 8.2ರಿಂದ 17.6 ತಿಂಗಳೊಳಗೆ. ಅಷ್ಟು ಅಗಲದ ಅಂತರವನ್ನು ನಕ್ಷೆಯ ಬಣ್ಣದ ಪಟ್ಟಿಯ ಹಾಗೆಯೇ ಇಲ್ಲೂ ತೋರಿಸಿದ್ದರೆ ಎಷ್ಟೋ ಅಮ್ಮಂದಿರು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ನನ್ನ ಮಗಳು ಅಂಬೆಗಾಲಿಡದೆ, ಕೂತಲ್ಲೇ ತೆವಳಿ, ನೇರವಾಗಿ ಗೋಡೆ ಹಿಡಿದು ನಿಂತಳು. “ಕೂಸು ಅಂಬೆಗಾಲೇ ಇಡ್ಲಿಲ್ವಲ್ಲವ್ವ, ಸೊಂಟ ಗಟ್ಟಿ ಇಲ್ವೇನೋ” ಎಂದು ಎಣ್ಣೆ ನೀರು ಎರೆಯಲು ಬರುತ್ತಿದ್ದ ಅಜ್ಜಿ ಕೊರಗಿದ್ದೇ ಕೊರಗಿದ್ದು. ಆ ಅಧ್ಯಯನದಲ್ಲಿ 100ಕ್ಕೆ ಸುಮಾರು ನಾಲ್ಕು ಮಕ್ಕಳು ಅಂಬೆಗಾಲಿನ ಹಂತವನ್ನೇ ಹಾರಿಸಿದ್ದವು.

ಅದೇ ಪುಟಗಳಲ್ಲಿ ಚಿತ್ರಗಳ ಪಕ್ಕಕ್ಕೆ, ಮಗುವಿನೊಂದಿಗೆ ಮನೆಯವರು ಏನು ಮಾಡಬೇಕು ಎಂದು ಬರೆದಿರುವ ಸಾಲುಗಳೂ ಇವೆ: ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಅದು ಮಾಡುವ ಸದ್ದಿಗೆ ಸದ್ದು ಕೊಡಿ, ಜೊತೆಗೆ ಆಡಿ ಎಂಬಂಥವು. ನನ್ನ ಅತ್ತೆಯವರು ಇದನ್ನು ಓದಿ, ಮಕ್ಕಳನ್ನು ಮಾತಾಡಿಸಿ ಎಂದು ಸರ್ಕಾರ ಹೇಳಿಕೊಡಬೇಕೇ ಎಂದು ನಕ್ಕಿದ್ದರು. ತೂಕದಷ್ಟೇ ಗಟ್ಟಿಯಾದ ಆಧಾರ ಈ ಸಾಲುಗಳಿಗೂ ಇದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ನಡೆಸಿದ ಪ್ರಯೋಗದಲ್ಲಿ, ಮಗುವನ್ನು ನಗಿಸುತ್ತಾ ಆಡಿಸುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಮಗುವನ್ನೇ ನೋಡುತ್ತಾ ಕೂರುತ್ತಾಳೆ. ಮಗು ನಗುತ್ತದೆ, ಕೂಗುತ್ತದೆ, ಕೈ ಚಾಚುತ್ತದೆ, ಏನು ಮಾಡಿದರೂ ಉತ್ತರ ಬಾರದಿದ್ದಾಗ ಮುಖ ತಿರುಗಿಸಿ ಕಂಗಾಲಾಗುತ್ತದೆ. ಇನ್ನೂ ಮಾತು ಬಾರದ ಕೂಸಿಗೂ ಎದುರಿನ ಮುಖದಿಂದ ಉತ್ತರ ಬರಬೇಕೆಂಬ ನಿರೀಕ್ಷೆ ಇರುತ್ತದೆಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷ್ಯವನ್ನು ನಾನು ಕಂಡಿಲ್ಲ. ಗಂಟೆಗಟ್ಟಲೆ ಹಾಲೂಡಿಸುವ ತಾಯಿ ನಡುವೆ ಫೋನ್ ನೋಡಿದರೆ ಕೇಡಾಗುತ್ತದೆಂದು ಇದರ ಅರ್ಥವಲ್ಲ. ಬಾಣಂತಿಯ ಮೇಲೆ ಹೊರಿಸಲು ಹೊಸ ಅಪವಾದ ಹುಡುಕುತ್ತಿರುವವರಿಗೆ ಇದನ್ನು ಮೊದಲೇ ಹೇಳಿಬಿಡಬೇಕು.

ಎಂಟು ಒಂಬತ್ತು ತಿಂಗಳಲ್ಲಿ ಶುರುವಾಗುವ ಅಳುವಿನ ಬಗ್ಗೆ ಕಾರ್ಡ್ ಇನ್ನಷ್ಟು ಬಿಡಿಸಿ ಹೇಳಬಹುದಿತ್ತು. ಅದುವರೆಗೆ ಎಲ್ಲರ ತೋಳಿಗೂ ನಗುತ್ತಾ ಹೋಗುತ್ತಿದ್ದ ಮಗು ಹೊಸಬರನ್ನು ಕಂಡರೆ ಚೀರತೊಡಗುತ್ತದೆ, ತಾಯಿ ಬಚ್ಚಲಿಗೆ ಹೋದರೂ ಹಿಂದೆಯೇ ಬರುತ್ತದೆ. ಬಂದ ನೆಂಟರು ಮುದ್ದು ಹೆಚ್ಚಾಯಿತೆಂದು ಮುಖ ಸಿಂಡರಿಸುತ್ತಾರೆ. ತನ್ನವರನ್ನು ಬೇರೆಯವರಿಂದ ಬೇರ್ಪಡಿಸಿ ಗುರುತಿಸುವ ಬುದ್ಧಿ ಬಲಿತ ಲಕ್ಷಣ ಅದು. 1950ರ ದಶಕದಲ್ಲಿ ಉಗಾಂಡದ ಮನೆಗಳಲ್ಲಿ ಕೂತು ತಾಯಿ ಮಕ್ಕಳನ್ನು ಗಮನಿಸಿದ ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್, ಮಗು ತಾಯಿಯಿಂದ ತುಸು ದೂರ ಹೋಗಿ ಸುತ್ತಲಿನದನ್ನು ತಡಕಿ ನೋಡಿ ಮತ್ತೆ ಅವಳ ಬಳಿಗೆ ಮರಳುವುದನ್ನು ದಾಖಲಿಸಿದರು. ಮರಳಿ ಬರಲು ನಂಬಿಕೆಯ ಜಾಗವಿದ್ದರೆ ಮಗು ದೂರ ಹೋಗಲು ಧೈರ್ಯ ಮಾಡುತ್ತದೆ.

ಯಾವಾಗ ಕಾಯಬಾರದು ಎಂಬ ಎಚ್ಚರಿಕೆಯ ಸೂಚನೆಗಳೂ ಕಾರ್ಡಿನಲ್ಲಿವೆ. ಅವುಗಳನ್ನು ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ. ಮಗು ಸದ್ದಿಗೆ ತಿರುಗದಿದ್ದರೆ, ಬಂದಿದ್ದ ಮಾತು ನಿಂತುಹೋದರೆ, ಅವರಪ್ಪನೂ ತಡವಾಗಿಯೇ ಮಾತು ಕಲಿತದ್ದೆಂಬ ಸಮಾಧಾನಕ್ಕೆ ಕಿವಿಗೊಡದೆ ಪರೀಕ್ಷೆ ಮಾಡಿಸಬೇಕು. ಹುಟ್ಟಿದ ಕೂಸಿನ ಶ್ರವಣವನ್ನೂ ಪರೀಕ್ಷಿಸಲು ಸಾಧ್ಯವಿದೆ, ಮೈಸೂರು ಸೀಮೆಯವರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಹತ್ತಿರವೇ ಇದೆ. ನಾನು ಹೋಗುತ್ತಿದ್ದ ಒಂದು ಕ್ಲಿನಿಕ್ಕಿನಲ್ಲಿ ಮಾತ್ರ, ತಿಂಗಳುಗಟ್ಟಲೆ ಗೆರೆ ಎಳೆದು ತಂದ ಕಾರ್ಡನ್ನು ಬಿಡಿಸಿಯೂ ನೋಡದೆ ಪಕ್ಕಕ್ಕಿಟ್ಟು ತಮ್ಮದೇ ಫೈಲು ಮಾಡಿಕೊಟ್ಟರು. ಕೇಳಿ ತೋರಿಸಬೇಕು, ಬೇರೆ ದಾರಿಯಿಲ್ಲ. ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೇ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದು ಮಗುವನ್ನು ನೋಡಬೇಕೆಂಬ ಕಾರ್ಯಕ್ರಮವಿದೆ. ಆಗ ಆ ಆಟದ ಪುಟ ಬಿಡಿಸಿ ಕೂರಿಸಿಕೊಳ್ಳಿ, ಮಗುವಿನ ಅಪ್ಪನೂ ಅಜ್ಜಿಯೂ ಜೊತೆಗಿರಲಿ.

ಬರೆಯುವ ಪುಟಗಳಿರುವುದರಿಂದ ಲ್ಯಾಮಿನೇಷನ್ ಮಾಡಿಸಬೇಡಿ, ಪ್ಲಾಸ್ಟಿಕ್ ಕವರು ಸಾಕು. ಮೂರು ವರ್ಷಕ್ಕೆ ನಕ್ಷೆ ಮುಗಿದರೂ ಕಾರ್ಡನ್ನು ಹಳೇ ಪೇಪರಿನ ಜೊತೆ ಹಾಕಬೇಡಿ. ಐದು ದಾಟಿದ ಮೇಲೆ ಹಾಕಿಸುವ ಡಿಪಿಟಿ ಬೂಸ್ಟರಿನ ಹೊತ್ತಿಗೆ ಹಿಂದಿನ ಲಸಿಕೆಗಳ ವಿವರ ಇದರಲ್ಲೇ ಸಿಗುತ್ತದೆ.